ಅಪ್ಪನ ಫೈಲಿನಲ್ಲಿ "ಸಿಎಫ್‌ಎಸ್ 7" ಅಂತ ಬರೆದಿದ್ದಾರೆ. ಈ ಅಂಕ ನೋಡಿ ಸಾವನ್ನು ಹೇಳಬಹುದಾ?

ಕಿಟಕಿಪಕ್ಕದವಳು · ಬೆಳಿಗ್ಗೆ 6:40

ಅಪ್ಪನಿಗೆ 79. ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿ ಇವತ್ತಿಗೆ ಐದನೇ ದಿನ. ನಿನ್ನೆ ರಾತ್ರಿ ಮಂಚದ ಕಾಲಬಳಿ ಇದ್ದ ಫೈಲ್ ತೆಗೆದು ನೋಡಿದೆ. ಮೊದಲ ಹಾಳೆಯ ಮೇಲ್ಗಡೆ ಕೆಂಪು ಪೆನ್ನಲ್ಲಿ "ಸಿಎಫ್‌ಎಸ್ 7" ಅಂತ ಬರೆದು ಸುತ್ತು ಹಾಕಿದ್ದಾರೆ. ರಾತ್ರಿ ಪಾಳಿಯ ಡಾಕ್ಟರ್ ಬಂದಾಗ ಕೇಳಿದೆ. "ಅದು ಫ್ರೇಲ್ಟಿ ಸ್ಕೋರ್. 7 ಅಂದರೆ ರಿಸ್ಕ್ ಜಾಸ್ತಿ. ಮನೆಯವರು ಮನಸ್ಸು ಗಟ್ಟಿ ಮಾಡಿಕೊಂಡಿರಿ" ಅಂದರು. ಅಷ್ಟರಲ್ಲಿ ಬೇರೆ ವಾರ್ಡಿನಿಂದ ಫೋನ್ ಬಂತು, ಹೋಗಿಬಿಟ್ಟರು.

ರಾತ್ರಿಯಿಡೀ ಕಣ್ಣು ಮುಚ್ಚಿಲ್ಲ. ಮೂರು ವಾರದ ಹಿಂದೆ ಅಪ್ಪ ತಾವೇ ಸ್ನಾನ ಮಾಡುತ್ತಿದ್ದರು, ತಾವೇ ಬಟ್ಟೆ ಹಾಕಿಕೊಳ್ಳುತ್ತಿದ್ದರು. ಕೋಲು ಹಿಡಿದು ಬೀದಿಯ ತುದಿವರೆಗೆ ಹೋಗಿ ಬರುತ್ತಿದ್ದರು. ಮಾತ್ರೆ ಡಬ್ಬಿ ನಾನು ತುಂಬಿಸಿಡಬೇಕು, ಬ್ಯಾಂಕಿನ ಕೆಲಸ ನಾನು ನೋಡಬೇಕು, ಅಷ್ಟೇ. ಈಗ ನೀರಿನ ಲೋಟ ಎತ್ತಿದರೆ ಕೈ ನಡುಗಿ ಅರ್ಧ ಎದೆ ಮೇಲೆ ಚೆಲ್ಲುತ್ತದೆ. ಮಗ್ಗುಲು ಬದಲಿಸಲೂ ಇಬ್ಬರು ಬೇಕು.

ಈ 7 ಎಲ್ಲಿಂದ ಬಂತು? ಒಂದು ಅಂಕೆ ನೋಡಿ ಮನುಷ್ಯ ಉಳಿಯುತ್ತಾನಾ ಇಲ್ಲವಾ ಅಂತ ಹೇಳಲು ಆಗುತ್ತದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಸಣ್ಣಮಗ · 6:52

ನಮ್ಮ ದೊಡ್ಡಮ್ಮನಿಗೂ 7 ಅಂತಲೇ ಬರೆದಿದ್ದರು. ಎರಡು ವರ್ಷ ಆಯಿತು, ಗಟ್ಟಿಯಾಗಿದ್ದಾರೆ. ಇದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡಿ ಅಕ್ಕ.

ನೈಟ್‌ಡ್ಯೂಟಿ · 7:15

ನಾನು ನರ್ಸ್, ಹದಿನಾಲ್ಕು ವರ್ಷದಿಂದ ವಾರ್ಡಿನಲ್ಲಿದ್ದೇನೆ. ಈಗಷ್ಟೇ ಡ್ಯೂಟಿ ಮುಗಿಯಿತು. ನೀವು ಬರೆದದ್ದು ಓದಿ ಮನಸ್ಸು ತಡೆಯಲಿಲ್ಲ.

ಸಿಎಫ್‌ಎಸ್ ಅಂದರೆ ಕ್ಲಿನಿಕಲ್ ಫ್ರೇಲ್ಟಿ ಸ್ಕೇಲ್, ವಯಸ್ಸಾದವರ ಮೈಯಲ್ಲಿ ಶಕ್ತಿ ಎಷ್ಟು ಕುಂದಿದೆ ಅಂತ ಅಳೆಯುವ ಪಟ್ಟಿ. 1ರಿಂದ 9ರವರೆಗೆ ಇದೆ. 1 ಅಂದರೆ ಚೆನ್ನಾಗಿ ವ್ಯಾಯಾಮ ಮಾಡಿಕೊಂಡು ಗಟ್ಟಿಮುಟ್ಟಾಗಿರುವವರು. 4 ಅಂದರೆ ಯಾರ ಸಹಾಯವೂ ಬೇಡ, ಆದರೆ ಬೇಗ ಸುಸ್ತಾಗುತ್ತದೆ, ನಡಿಗೆ ನಿಧಾನ. 5 ಅಂದರೆ ಹಣಕಾಸು, ಔಷಧಿ, ಓಡಾಟ, ಭಾರದ ಮನೆಕೆಲಸ ಇವಕ್ಕೆ ಇನ್ನೊಬ್ಬರ ನೆರವು ಬೇಕು. 6ಕ್ಕೆ ಬಂದರೆ ಹೊರಗಿನ ಕೆಲಸಕ್ಕೆಲ್ಲ ಜನ ಬೇಕು, ಮೆಟ್ಟಿಲು ಕಷ್ಟ, ಸ್ನಾನಕ್ಕೂ ಕೈ ಕೊಡಬೇಕು. 7 ಅಂದರೆ ತಮ್ಮ ಮೈಯ ಕೆಲಸ ಯಾವುದನ್ನೂ ತಾವು ಮಾಡಿಕೊಳ್ಳಲಾರರು.

ಈಗ ಮುಖ್ಯ ಮಾತು. ಈ ಅಂಕ ಹಾಕುವಾಗ ನೋಡಬೇಕಾದ್ದು ರೋಗಿ ಇವತ್ತು ಹೇಗಿದ್ದಾರೆ ಅಂತ ಅಲ್ಲ. ಕಾಯಿಲೆ ಬೀಳುವ ಮೊದಲು, ಸುಮಾರು ಎರಡು ವಾರದ ಹಿಂದೆ ಹೇಗಿದ್ದರು ಅಂತ. ನ್ಯುಮೋನಿಯಾ ಬಂದು ಜ್ವರದಲ್ಲಿ ಮಲಗಿದವರೆಲ್ಲ ಮಂಚದ ಮೇಲೆ 7ರ ಹಾಗೇ ಕಾಣುತ್ತಾರೆ. ನೀವು ಹೇಳಿದ್ದು ನೋಡಿದರೆ ನಿಮ್ಮ ಅಪ್ಪ 5 ಇರಬಹುದು. ಸೇರಿಸುವಾಗ ಮನೆಯಲ್ಲಿ ಹೇಗಿದ್ದರು ಅಂತ ನಿಮ್ಮನ್ನು ಯಾರಾದರೂ ಕೇಳಿದರಾ?

ಕಿಟಕಿಪಕ್ಕದವಳು · 7:21

ಇಲ್ಲ ಸಿಸ್ಟರ್. ಆಂಬುಲೆನ್ಸಿನಲ್ಲಿ ನನ್ನ ತಮ್ಮ ಬಂದಿದ್ದ. ಅವನು ದೂರದಲ್ಲಿರುತ್ತಾನೆ, ಅವನಿಗೆ ಅಪ್ಪನ ದಿನಚರಿ ಗೊತ್ತಿಲ್ಲ.

ನೈಟ್‌ಡ್ಯೂಟಿ · 7:24

ಹಾಗಾದರೆ ಇವತ್ತು ರೌಂಡ್ಸ್‌ಗೆ ಬಂದಾಗ ನೀವೇ ಹೇಳಿ. ಈಗ ಇಲ್ಲಿ ಬರೆದಿರಲ್ಲ, ಅದನ್ನೇ ಹೇಳಿದರೆ ಸಾಕು.

ಅಂಕಿಸಂಖ್ಯೆ · 7:50

ಸಿಸ್ಟರ್ ಹೇಳಿದ್ದು ಸರಿ. ಆದರೆ ಸಣ್ಣಮಗ ಅವರ ಮಾತಿಗೆ ನನ್ನ ತಕರಾರಿದೆ. ಒಬ್ಬರು ದೊಡ್ಡಮ್ಮ ಉಳಿದರು ಅಂದ ಮಾತ್ರಕ್ಕೆ ಅಳತೆಗೋಲು ಸುಳ್ಳಾಗುವುದಿಲ್ಲ. "ಈ ಗುಂಪಿನಲ್ಲಿ ನೂರಕ್ಕೆ ಮೂವತ್ತು ಜನ ಸಾಯುತ್ತಾರೆ" ಅಂದರೆ ಎಪ್ಪತ್ತು ಜನ ಉಳಿಯುತ್ತಾರೆ ಅಂತಲೂ ಆಯಿತು. ನಿಮ್ಮ ದೊಡ್ಡಮ್ಮ ಆ ಎಪ್ಪತ್ತರಲ್ಲಿ ಒಬ್ಬರು.

ಆಸ್ಪತ್ರೆಯ ದಾಖಲೆಗಳ ಲೆಕ್ಕಾಚಾರ ನನ್ನ ಕೆಲಸ. ಒಂದು ಸ್ಕೋರ್ ಎಷ್ಟು ಚೆನ್ನಾಗಿ ಹೇಳುತ್ತದೆ ಅಂತ ನೋಡಲು ನಾವು ಹೀಗೆ ಮಾಡುತ್ತೇವೆ. ಸತ್ತವರಲ್ಲಿ ಒಬ್ಬರನ್ನು, ಉಳಿದವರಲ್ಲಿ ಒಬ್ಬರನ್ನು ಸುಮ್ನೆ ಎತ್ತಿಕೊಳ್ಳುವುದು. ಇಬ್ಬರಲ್ಲಿ ಸತ್ತವರಿಗೆ ಜಾಸ್ತಿ ಅಂಕ ಬಂದಿತ್ತಾ ಅಂತ ನೋಡುವುದು. ಇಂಥ ನೂರು ಜೋಡಿಯಲ್ಲಿ ಐವತ್ತು ಸಲ ಸರಿ ಬಂದರೆ ನಾಣ್ಯ ಚಿಮ್ಮಿದ ಹಾಗೆ, ಉಪಯೋಗವಿಲ್ಲ. ಅದನ್ನು 0.5 ಅನ್ನುತ್ತೇವೆ. ನೂರಕ್ಕೆ ನೂರೂ ಸರಿ ಬಂದರೆ 1.

2018ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಆಸ್ಪತ್ರೆ ಫ್ರೇಲ್ಟಿ ಸ್ಕೋರ್ ಒಂದಿದೆ, 75 ದಾಟಿದವರಿಗೆ ಮಾಡಿದ್ದು. 30 ದಿನದೊಳಗಿನ ಸಾವಿಗೆ ಅದರ ಲೆಕ್ಕ 0.60. ನೂರು ಜೋಡಿಯಲ್ಲಿ ಅರವತ್ತು ಸಲ ಸರಿ, ನಲವತ್ತು ಸಲ ತಪ್ಪು. ಇದನ್ನು ಹಿಡಿದುಕೊಂಡು ಒಬ್ಬ ಮನುಷ್ಯನ ಬಗ್ಗೆ "ಇವರು ಉಳಿಯುವುದಿಲ್ಲ" ಅನ್ನಲು ಹೇಗೆ ಆಗುತ್ತದೆ?

ಮುಪ್ಪಿನ_ಡಾಕ್ಟರ್ · 8:30

ಅಂಕಿಸಂಖ್ಯೆ ಅವರೇ, ಎರಡು ಬೇರೆ ಬೇರೆ ಸ್ಕೋರ್ ಕಲಸಿಬಿಟ್ಟಿರಿ. 2018ರದ್ದು ಕಂಪ್ಯೂಟರ್ ದಾಖಲೆಯ ರೋಗದ ಕೋಡ್‌ಗಳಿಂದ ತಾನೇ ಲೆಕ್ಕ ಹಾಕುವ ಸ್ಕೋರ್. ಇವರ ಅಪ್ಪನಿಗೆ ಬರೆದಿರುವುದು ಮನುಷ್ಯ ಮನುಷ್ಯನನ್ನು ನೋಡಿ, ಕೇಳಿ ಹಾಕುವ ಅಂಕ. ಅದರ 0.60 ತಂದು ಇದಕ್ಕೆ ಅಂಟಿಸಬಾರದು.

ನಾನು ವಯಸ್ಸಾದವರನ್ನೇ ನೋಡುವ ಡಾಕ್ಟರ್. ಸಿಎಫ್‌ಎಸ್ ಮಾಡಿದ್ದು ಕೆನಡಾದ ಹ್ಯಾಲಿಫ್ಯಾಕ್ಸ್‌ನ ಡಾಲ್‌ಹೌಸಿ ವಿಶ್ವವಿದ್ಯಾಲಯದ ಕೆನೆತ್ ರಾಕ್‌ವುಡ್ ಮತ್ತು ಅವರ ತಂಡ, 2005ರಲ್ಲಿ. ಆಗ ಅದರಲ್ಲಿ ಏಳೇ ಮೆಟ್ಟಿಲಿದ್ದವು, ಒಂಬತ್ತಾಗಿದ್ದು ಆಮೇಲೆ. ಅವರು 2305 ವಯಸ್ಸಾದವರನ್ನು ಸುಮಾರು 70 ತಿಂಗಳು ಹಿಂಬಾಲಿಸಿದ್ದರು. ಒಂದೊಂದು ಮೆಟ್ಟಿಲು ಹೆಚ್ಚಾದ ಹಾಗೆ ಸಾವಿನ ಅಪಾಯ ಸುಮಾರು 21% ಏರುತ್ತಿತ್ತು. ಗಮನಿಸಿ, 70 ತಿಂಗಳು. ಈ ವಾರ ಆಸ್ಪತ್ರೆಯಿಂದ ಹೊರಗೆ ಬರುತ್ತಾರಾ ಅನ್ನುವ ಪ್ರಶ್ನೆಗೆ ಅಂತ ಅದು ಹುಟ್ಟಿದ್ದಲ್ಲ. ಆಮೇಲೆ ಆಸ್ಪತ್ರೆಯಲ್ಲಿ, ಐಸಿಯುನಲ್ಲಿ ಬಳಸಿ ನೋಡಿದರು. ಅಲ್ಲೂ ಅಂಕ ಹೆಚ್ಚಾದಷ್ಟೂ ಸಾವು ಹೆಚ್ಚು ಅನ್ನುವುದು ಮತ್ತೆ ಮತ್ತೆ ಕಂಡಿದೆ. ಇದನ್ನು ಸುಳ್ಳು ಅನ್ನುವಂತಿಲ್ಲ.

ಇನ್ನೊಂದು ವಿಷಯ ಬಹಳ ಡಾಕ್ಟರುಗಳೇ ಓದಿರುವುದಿಲ್ಲ. 7ರ ವಿವರಣೆಯಲ್ಲೇ ಬರೆದಿದ್ದಾರೆ: ಮೈಯ ಕೆಲಸಕ್ಕೆ ಪೂರ್ತಿ ಇನ್ನೊಬ್ಬರನ್ನು ನಂಬಿದ್ದಾರೆ, ಆದರೂ ಸ್ಥಿರವಾಗಿದ್ದಾರೆ, ಮುಂದಿನ ಆರು ತಿಂಗಳಲ್ಲಿ ಸಾಯುವ ಅಪಾಯ ದೊಡ್ಡದಿರುವಂತೆ ಕಾಣುವುದಿಲ್ಲ. ಕೊನೆಗಾಲ ಹತ್ತಿರ ಬಂದವರಿಗೆ 8. 9 ಅಂದರೆ ಕ್ಯಾನ್ಸರ್‌ನಂಥ ಕಾಯಿಲೆಯಿಂದ ಆರು ತಿಂಗಳೊಳಗಿನ ಆಯಸ್ಸು ಉಳಿದಿರುವವರು. ಅವರು ಓಡಾಡಿಕೊಂಡೇ ಇರಬಹುದು. ಹಾಗಾಗಿ "7 ಅಂದರೆ ಮುಗಿಯಿತು" ಅನ್ನುವುದು ಆ ಸ್ಕೇಲಿನ ಮಾತೇ ಅಲ್ಲ.

ಅಂಕಿಸಂಖ್ಯೆ · 8:41

ಒಪ್ಪಿದೆ ಡಾಕ್ಟ್ರೇ, ಬೆರೆಸಿದ್ದು ನನ್ನ ತಪ್ಪು. ಆದರೆ ಮೂಲ ಮಾತು ಬದಲಾಗುವುದಿಲ್ಲ ಅಲ್ವಾ? ಎರಡೂ ಗುಂಪಿನ ಲೆಕ್ಕ.

ಮುಪ್ಪಿನ_ಡಾಕ್ಟರ್ · 8:47

ಬದಲಾಗುವುದಿಲ್ಲ. ಗುಂಪಿನ ಲೆಕ್ಕವೇ.

ಸುಮ್ನೆ_ಓದುಗ · 9:05

ಇದೆಲ್ಲ ಯಾಕೆ ಬೇಕು? ವಯಸ್ಸು ನೋಡಿದರೆ ಸಾಲದೇ? 80 ದಾಟಿದವರು ಅಂದರೆ ಅಪಾಯ ಇದ್ದೇ ಇದೆ.

ಹೆಜ್ಜೆ · 9:20

ಸಾಲದು. ನಾನು ಫಿಸಿಯೋಥೆರಪಿಸ್ಟ್. 86ರ ಒಬ್ಬರು ಸೊಂಟದ ಆಪರೇಷನ್ ಆದ ಮರುದಿನ ವಾಕರ್ ಹಿಡಿದು ಕಾರಿಡಾರಿನಲ್ಲಿ ನಡೆದದ್ದನ್ನು ಕಂಡಿದ್ದೇನೆ. 68ರ ಒಬ್ಬರು ಬರೀ ಮೂತ್ರದ ಸೋಂಕಿಗೆ ಹಾಸಿಗೆ ಹಿಡಿದು ಮತ್ತೆ ಏಳಲೇ ಇಲ್ಲ. ಇಬ್ಬರ ವಯಸ್ಸು ಕೇಳಿದರೆ ನೀವು ತಿರುಗಿಸಿ ಹೇಳುತ್ತಿದ್ದಿರಿ.

ಅಂಕಿಸಂಖ್ಯೆ · 9:28

ಹೆಜ್ಜೆ ಅವರ ಮಾತಿಗೆ ಒಂದು ಅಂಕಿ ಸೇರಿಸುತ್ತೇನೆ. 2020ರ ಕೋವಿಡ್ ಸಮಯದಲ್ಲಿ ಬ್ರಿಟನ್ನಿನ 10, ಇಟಲಿಯ 1 ಆಸ್ಪತ್ರೆಯ 1564 ರೋಗಿಗಳನ್ನು ನೋಡಿದ ಅಧ್ಯಯನ ಇದೆ. ಕೋಪ್ ಅಂತ ಹೆಸರು. ಅವರಲ್ಲಿ 425 ಜನ ತೀರಿಕೊಂಡರು. ಯಾರಿಗೆ ಏನಾಗುತ್ತದೆ ಅಂತ ಹೇಳುವುದರಲ್ಲಿ ವಯಸ್ಸಿಗಿಂತ, ಬೇರೆ ಕಾಯಿಲೆಗಳ ಪಟ್ಟಿಗಿಂತ ಫ್ರೇಲ್ಟಿ ಅಂಕವೇ ಮೇಲಾಗಿತ್ತು.

ನಿಘಂಟುಪ್ರಿಯ · 9:40

ಎಲ್ಲರೂ ಫ್ರೇಲ್ಟಿ ಫ್ರೇಲ್ಟಿ ಅನ್ನುತ್ತಿದ್ದೀರಿ. ಇದಕ್ಕೆ ಕನ್ನಡದಲ್ಲಿ ಏನನ್ನಬೇಕು? ದೌರ್ಬಲ್ಯವಾ?

ನೈಟ್‌ಡ್ಯೂಟಿ · 9:44

ದೌರ್ಬಲ್ಯ ಅಂದರೆ ಮನೆಯವರು ಟಾನಿಕ್ ಕೇಳುತ್ತಾರೆ. ನಾನು "ಮೈಯಲ್ಲಿ ಕಸುವು ಉಳಿದಿಲ್ಲ" ಅನ್ನುತ್ತೇನೆ. ತಕ್ಷಣ ಅರ್ಥ ಆಗುತ್ತದೆ.

ಮುಪ್ಪಿನ_ಡಾಕ್ಟರ್ · 9:58

ಕಸುವು! ಇದಕ್ಕಿಂತ ಒಳ್ಳೆ ಪದ ನನಗೆ ಸಿಕ್ಕಿಲ್ಲ. ಫ್ರೇಲ್ಟಿ ಅಂದರೆ ಕೂಡಿಟ್ಟ ಕಸುವು ತೀರುತ್ತಾ ಬರುವುದು. ಹೃದಯ, ಶ್ವಾಸಕೋಶ, ಮೂತ್ರಪಿಂಡ, ಸ್ನಾಯು, ಮಿದುಳು ಎಲ್ಲಕ್ಕೂ ದಿನನಿತ್ಯಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಶಕ್ತಿ ಕೈಯಲ್ಲಿರುತ್ತದೆ. ವಯಸ್ಸು, ಕಾಯಿಲೆ, ಚಲನೆ ಇಲ್ಲದಿರುವುದು, ಸರಿಯಾಗಿ ಊಟ ಮಾಡದಿರುವುದು ಅದನ್ನು ಸ್ವಲ್ಪ ಸ್ವಲ್ಪವೇ ತಿಂದುಹಾಕುತ್ತವೆ. ಆಮೇಲೆ ಸಣ್ಣ ಸೋಂಕು ಬಂದರೂ ಸಾಕು, ಹೊಸ ಮಾತ್ರೆಯೊಂದು ಒಗ್ಗದಿದ್ದರೂ ಸಾಕು, ಮನುಷ್ಯ ದಿಢೀರನೆ ಕುಸಿಯುತ್ತಾನೆ. ಕುಸಿದರೆ ಎಷ್ಟೋ ಸಲ ಹಳೆಯ ಮಟ್ಟಕ್ಕೆ ಪೂರ್ತಿ ಏಳುವುದಿಲ್ಲ.

ಇದನ್ನು ಅಳೆಯುವ ದಾರಿ ಒಂದೇ ಅಲ್ಲ. ಅಮೆರಿಕದ ಲಿಂಡಾ ಫ್ರೀಡ್ ಅವರ ತಂಡ 2001ರಲ್ಲಿ ಐದು ಗುರುತು ಹೇಳಿತು. ಪ್ರಯತ್ನ ಪಡದೆ ವರ್ಷದಲ್ಲಿ ಸುಮಾರು ನಾಲ್ಕೂವರೆ ಕೆಜಿ ತೂಕ ಇಳಿಯುವುದು, ಸದಾ ಸುಸ್ತು, ಕೈ ಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಮೂರು ಇದ್ದರೆ ಫ್ರೇಲ್, ಒಂದೆರಡಿದ್ದರೆ ಅದರ ಹೊಸ್ತಿಲು. ಅದೇ ವರ್ಷ ಗಣಿತಜ್ಞ ಆರ್ನಾಲ್ಡ್ ಮಿಟ್ನಿಟ್ಸ್ಕಿ ಮತ್ತು ರಾಕ್‌ವುಡ್ ಬೇರೆ ದಾರಿ ಹಿಡಿದರು. ಕೊರತೆಗಳನ್ನು ಸುಮ್ನೆ ಎಣಿಸಿ ಅಂದರು. ಕಿವಿ ಕೇಳದಿರುವುದು, ಸಕ್ಕರೆ ಕಾಯಿಲೆ, ಬೀಳುವುದು, ಮರೆವು ಹೀಗೆ 40 ಸಂಗತಿ ಹಿಡಿದು 10 ಇದ್ದರೆ 0.25. ಸೋಜಿಗ ಏನೆಂದರೆ ಈ ಲೆಕ್ಕ 0.7 ದಾಟಿದವರು ಸಿಗುವುದೇ ಅಪರೂಪ. ಅಷ್ಟು ಕೊರತೆ ಹೊತ್ತು ದೇಹ ಉಳಿಯುವುದಿಲ್ಲ.

ನಿಘಂಟುಪ್ರಿಯ · 10:02

"ಹಣ್ಣಾದ ಜೀವ" ಅನ್ನುವುದೂ ಇದಕ್ಕೆ ಹತ್ತಿರ ಅಲ್ವಾ ಡಾಕ್ಟ್ರೇ?

ಮುಪ್ಪಿನ_ಡಾಕ್ಟರ್ · 10:06

ಹತ್ತಿರ. ಆದರೆ ಹಣ್ಣಾದದ್ದು ಮತ್ತೆ ಕಾಯಿ ಆಗುವುದಿಲ್ಲ. ಕಸುವನ್ನು ಸ್ವಲ್ಪ ಮಟ್ಟಿಗೆ ಮತ್ತೆ ತುಂಬಿಸಬಹುದು. ಅದಕ್ಕೇ ನನಗೆ ಕಸುವೇ ಇಷ್ಟ.

ಗಾಲಿಕುರ್ಚಿ · 10:25

ಎಲ್ಲ ಓದಿದೆ. ನನ್ನ ಎದೆ ಬಡಿತ ಏರಿತು. ನನಗೆ 34. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗುವುದಿಲ್ಲ. ಸ್ನಾನಕ್ಕೆ, ಬಟ್ಟೆಗೆ, ಎತ್ತಿ ಕೂರಿಸಲು ಜನ ಬೇಕು. ಸಿಸ್ಟರ್ ಕೊಟ್ಟ ಪಟ್ಟಿಯ ಪ್ರಕಾರ ನಾನೂ 7. ಆದರೆ ನಾನು ದಿನಕ್ಕೆ ಎಂಟು ಗಂಟೆ ಕೆಲಸ ಮಾಡುತ್ತೇನೆ. ನನ್ನ ಶ್ವಾಸಕೋಶ, ಹೃದಯ ಎಲ್ಲ ಚೆನ್ನಾಗಿವೆ. ನಾನು ಕಾಯಿಲೆ ಬಿದ್ದು ಹೋದರೆ ನನ್ನ ಫೈಲಿಗೂ ಕೆಂಪು ಸುತ್ತು ಹಾಕುತ್ತಾರಾ?

ನೈಟ್‌ಡ್ಯೂಟಿ · 10:31

ಹಾಕಬಾರದು. ನಾನು ಅದನ್ನು ಮೊದಲೇ ಬರೆಯಬೇಕಿತ್ತು, ಕ್ಷಮಿಸಿ. 65 ದಾಟಿದವರಿಗೆ ಮಾತ್ರ ಇದು. ಹುಟ್ಟಿನಿಂದಲೋ ಬಹಳ ವರ್ಷದಿಂದಲೋ ಸ್ಥಿರವಾದ ಅಂಗವೈಕಲ್ಯ ಇರುವವರಿಗೆ ಈ ಸ್ಕೇಲ್ ಬಳಸುವಂತಿಲ್ಲ.

ಮುಪ್ಪಿನ_ಡಾಕ್ಟರ್ · 10:50

ಗಾಲಿಕುರ್ಚಿ ಅವರು ಕೇಳಿದ್ದು ಊಹೆಯ ಪ್ರಶ್ನೆ ಅಲ್ಲ. ಇಂಗ್ಲೆಂಡಿನಲ್ಲಿ ನಡೆದದ್ದು. ಕೋವಿಡ್ ಶುರುವಾದಾಗ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಅಲ್ಲಿಯ ನೈಸ್ ಸಂಸ್ಥೆ 2020ರ ಮಾರ್ಚ್ 20ರಂದು ತೀವ್ರ ನಿಗಾ ಘಟಕಕ್ಕೆ ಯಾರನ್ನು ಸೇರಿಸಬೇಕು ಅನ್ನುವ ಮಾರ್ಗಸೂಚಿ ತಂದಿತು. ಸೇರಿದ ವಯಸ್ಕರಿಗೆಲ್ಲ ಸಿಎಫ್‌ಎಸ್ ಹಾಕಿ ಅಂದಿತು. ಅಂಗವಿಕಲರು, ಅವರ ಮನೆಯವರು, ಅವರ ಸಂಘಟನೆಗಳು ಕೂಡಲೇ ದನಿ ಎತ್ತಿದವು. ಐದೇ ದಿನಕ್ಕೆ, ಮಾರ್ಚ್ 25ಕ್ಕೆ, ಅದನ್ನು ತಿದ್ದಿದರು. ಚಿಕ್ಕ ವಯಸ್ಸಿನವರು, ಸೆರೆಬ್ರಲ್ ಪಾಲ್ಸಿಯಂಥ ಸ್ಥಿರ ವೈಕಲ್ಯ ಇರುವವರು, ಕಲಿಕೆಯ ತೊಂದರೆ ಇರುವವರು, ಆಟಿಸಂ ಇರುವವರಿಗೆ ಇದನ್ನು ಬಳಸಬೇಡಿ, ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ನೋಡಿ ಅಂತ ಬರೆದರು.

ನಿಮಗೆ ಸಹಾಯ ಬೇಕಾಗಿರುವುದು ಕಸುವು ತೀರಿದ್ದಕ್ಕಲ್ಲ. ಈ ವ್ಯತ್ಯಾಸ ಗೊತ್ತಿಲ್ಲದವರು ಈ ಸ್ಕೇಲ್ ಮುಟ್ಟಬಾರದು.

ಗಾಲಿಕುರ್ಚಿ · 10:58

ಇದನ್ನು ಪ್ರಿಂಟ್ ತೆಗೆದು ನನ್ನ ಬ್ಯಾಗಿನಲ್ಲಿಟ್ಟುಕೊಳ್ಳುತ್ತೇನೆ. ನಿಜವಾಗಿ.

ತಡವಾದ_ಮಗಳು · 11:30

ನಾನು ಬರೆಯಬೇಕಾ ಬೇಡವಾ ಅಂತ ಯೋಚಿಸುತ್ತಿದ್ದೆ. ಹೋದ ವರ್ಷ ಅಮ್ಮ ಹೋದರು. ಅವರ ಫೈಲಿನಲ್ಲೂ ಅಂಕ ಬರೆದಿದ್ದರು. ಅಂದಿನಿಂದ ವಾರ್ಡಿನವರ ನಡವಳಿಕೆ ಬದಲಾಯಿತು. ಫಿಸಿಯೋ ಬರುವುದು ನಿಂತಿತು. ರಕ್ತ ಪರೀಕ್ಷೆ ದಿನ ಬಿಟ್ಟು ದಿನ ಆಯಿತು. ಊಟದ ತಟ್ಟೆ ತಂದಿಟ್ಟು ಹೋಗುತ್ತಿದ್ದರು, ತಿಂದರಾ ಅಂತ ಯಾರೂ ನೋಡುತ್ತಿರಲಿಲ್ಲ. ಹನ್ನೊಂದನೇ ದಿನ ಹೋದರು. "ನಾವು ಹೇಳಿದ್ದೆವಲ್ಲ" ಅಂದರು.

ಅಂಕ ಸರಿಯಾಗಿ ಭವಿಷ್ಯ ಹೇಳಿತಾ? ಅಥವಾ ಅಂಕ ಬರೆದದ್ದಕ್ಕೇ ಹಾಗಾಯಿತಾ? ನನಗೆ ಇವತ್ತಿಗೂ ಗೊತ್ತಿಲ್ಲ.

ಅಂಕಿಸಂಖ್ಯೆ · 11:42

ತಡವಾದ_ಮಗಳು, ನಿಮ್ಮ ನೋವಿಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ನೀವು ಕೇಳಿದ್ದು ನಮ್ಮ ಕೆಲಸದಲ್ಲಿ ಅತಿ ಕಷ್ಟದ ಪ್ರಶ್ನೆ. ಜಾಸ್ತಿ ಅಂಕ ಬಂದವರಿಗೆ ಚಿಕಿತ್ಸೆ ಕಡಿಮೆ ಮಾಡಿದರೆ ಅವರಲ್ಲಿ ಸಾವು ಹೆಚ್ಚುತ್ತದೆ. ಆ ಸಾವು ದಾಖಲೆಗೆ ಹೋಗುತ್ತದೆ. ಮುಂದೆ ಅದೇ ದಾಖಲೆಯಿಂದ "ನೋಡಿ, ಅಂಕ ಎಷ್ಟು ಸರಿಯಾಗಿದೆ" ಅಂತ ಲೆಕ್ಕ ಬರುತ್ತದೆ. ಯಾರ ಸಾವು ಕಾಯಿಲೆಯಿಂದ, ಯಾರ ಸಾವು ಕೈಬಿಟ್ಟದ್ದರಿಂದ ಅಂತ ಆ ಲೆಕ್ಕದೊಳಗೆ ಬಿಡಿಸಿ ನೋಡಲು ಆಗುವುದಿಲ್ಲ.

ಸುಮ್ನೆ_ಓದುಗ · 11:50

ಹಾಗಾದರೆ ಈ ಅಂಕವನ್ನೇ ತೆಗೆದುಹಾಕಬೇಕು. ಮನೆಯವರಿಗೂ ಹೇಳಬಾರದು.

ಮುಪ್ಪಿನ_ಡಾಕ್ಟರ್ · 12:15

ಇದಕ್ಕೆ ನಾನು ಒಪ್ಪುವುದಿಲ್ಲ. ಅಂಕ ತೆಗೆದುಹಾಕಿದರೆ ಡಾಕ್ಟರ ಮನಸ್ಸಿನಲ್ಲಿರುವ ಅಂದಾಜು ಹಾಗೇ ಇರುತ್ತದೆ. ಬರೆದಿಲ್ಲ ಅಂದರೆ ಯಾರೂ ಪ್ರಶ್ನಿಸಲೂ ಆಗುವುದಿಲ್ಲ. ಇವತ್ತು ಬೆಳಿಗ್ಗೆ ಈ ಮಗಳು ಪ್ರಶ್ನೆ ಕೇಳಲು ಆಗಿದ್ದು ಅಂಕ ಬರೆದಿದ್ದರಿಂದಲೇ.

ಫ್ರೇಲ್ ಆದವರಿಗೆ ಐಸಿಯು ನಿಜವಾಗಿಯೂ ಕಷ್ಟ. 80 ದಾಟಿ ಯೂರೋಪಿನ ಐಸಿಯುಗಳಿಗೆ ಸೇರಿದ ಸುಮಾರು 5000 ಜನರ ಅಧ್ಯಯನ 2017ರಲ್ಲಿ ಬಂತು. ಒಟ್ಟು ಮೂವರಲ್ಲಿ ಒಬ್ಬರು 30 ದಿನದೊಳಗೆ ತೀರಿಕೊಂಡಿದ್ದರು, ಫ್ರೇಲ್ ಇದ್ದವರಲ್ಲಿ ಅದಕ್ಕಿಂತ ಜಾಸ್ತಿ. ಗಂಟಲಿಗೆ ಕೊಳವೆ ಹಾಕಿಸಿಕೊಂಡು, ಕೈ ಕಟ್ಟಿಸಿಕೊಂಡು ಕೊನೆಯ ದಿನ ಕಳೆಯಬೇಕಾ ಅಂತ ಮನೆಯವರ ಜೊತೆ, ಸಾಧ್ಯವಾದರೆ ರೋಗಿಯ ಜೊತೆಯೇ ಮಾತಾಡಬೇಕು. ಆ ಮಾತನ್ನು ಶುರು ಮಾಡಲು ಅಂಕ ನೆರವಾಗುತ್ತದೆ. ಆದರೆ ರಾತ್ರಿ ಒಂದು ಗಂಟೆಗೆ ಕಾರಿಡಾರಿನಲ್ಲಿ ನಿಂತು ಅರ್ಧ ವಾಕ್ಯ ಹೇಳಿ ಹೋಗುವುದು ಮಾತಲ್ಲ.

ಇನ್ನೊಂದು. ಅಂಕ ಹೆಚ್ಚು ಬಂದರೆ ಮಾಡಬೇಕಾದ್ದು ಇನ್ನೂ ಹೆಚ್ಚಾಗುತ್ತದೆ. ನಡಿಗೆ, ಊಟ, ಮರೆವು, ಮನಸ್ಸು, ಮಾತ್ರೆಗಳ ಪಟ್ಟಿ, ಮನೆಯಲ್ಲಿ ಯಾರಿದ್ದಾರೆ, ಎಲ್ಲವನ್ನೂ ಒಂದು ತಂಡ ಕೂತು ನೋಡುವ ಪದ್ಧತಿ ಇದೆ. ಸಮಗ್ರ ಹಿರಿಯರ ತಪಾಸಣೆ ಅನ್ನಬಹುದು. 29 ಪ್ರಯೋಗ, 13,766 ಜನರನ್ನು ಒಟ್ಟುಗೂಡಿಸಿ 2017ರಲ್ಲಿ ಕಾಕ್ರೇನ್ ಅನ್ನುವ ಸಂಶೋಧಕರ ಸಂಸ್ಥೆಯ ಪರಿಶೀಲನೆ ಬಂತು. ಹೀಗೆ ನೋಡಿಕೊಂಡವರು ಜೀವಂತವಾಗಿ, ತಮ್ಮ ಮನೆಯಲ್ಲೇ ಇರುವ ಸಾಧ್ಯತೆ ಹೆಚ್ಚು ಅಂತ ಕಂಡಿತು. ಸಾವಿನ ಪ್ರಮಾಣ ಹೆಚ್ಚೇನೂ ಬದಲಾಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಮನೆಗೆ ಮರಳುವುದು ನನ್ನ ರೋಗಿಗಳಿಗೆ ಎಷ್ಟು ದೊಡ್ಡದು ಅಂತ ನನಗೆ ಗೊತ್ತು.

ತಡವಾದ_ಮಗಳು · 12:24

ನಮಗೆ ಅಂಥ ತಂಡದ ಬಗ್ಗೆ ಯಾರೂ ಹೇಳಲೇ ಇಲ್ಲ.

ಕೋಡಿಂಗ್_ಕೋಣೆ · 12:50

ದಾಖಲೆ ವಿಭಾಗದಲ್ಲಿ ಕೂತು ಡಿಸ್ಚಾರ್ಜ್ ಹಾಳೆ ಓದಿ ರೋಗಕ್ಕೆ ಕೋಡ್ ಕೊಡುವುದು ನನ್ನ ಕೆಲಸ. ಅಂಕಿಸಂಖ್ಯೆ ಹೇಳಿದ 2018ರ ಸ್ಕೋರ್ ನಮ್ಮ ಕೋಡ್‌ಗಳಿಂದಲೇ ಬರುತ್ತದೆ. 109 ಕೋಡ್‌ಗಳಿವೆ, ಒಂದೊಂದಕ್ಕೂ ಒಂದು ತೂಕ. ಅಲ್ಝೈಮರ್ ಮರೆವಿಗೆ 7.1. ಆಸ್ಪತ್ರೆಯಲ್ಲಿ ಬರುವ ಗೊಂದಲಕ್ಕೆ, ಅಂದರೆ ಡಿಲಿರಿಯಂಗೆ, 3.2. ಕೂಡಿಸಿ 5ರ ಕೆಳಗಿದ್ದರೆ ಅಪಾಯ ಕಡಿಮೆ, 15 ದಾಟಿದರೆ ಹೆಚ್ಚು.

ಇಲ್ಲಿ ಒಂದು ಮಾತು ಹೇಳಲೇಬೇಕು. ಡಾಕ್ಟರ್ ಹಾಳೆಯಲ್ಲಿ "ರಾತ್ರಿ ಗೊಂದಲದಲ್ಲಿದ್ದರು" ಅಂತ ಬರೆಯದಿದ್ದರೆ ನಾನು ಕೋಡ್ ಹಾಕುವಂತಿಲ್ಲ. ಮೊದಲ ಸಲ ಆಸ್ಪತ್ರೆಗೆ ಬಂದವರಿಗೆ ಹಳೆಯ ಕೋಡ್ ಇರುವುದೇ ಇಲ್ಲ. ಮನೆಯಲ್ಲಿ ವರ್ಷಗಟ್ಟಲೆ ಕಸುವಿಲ್ಲದೆ ಇದ್ದ ಅಜ್ಜಿ ಕಂಪ್ಯೂಟರಿನಲ್ಲಿ ಸೊನ್ನೆ. ನಾನು ಓದುವ ಹಾಳೆಗಳಲ್ಲಿ ಅರ್ಧಕ್ಕರ್ಧ ನಾಲ್ಕು ಸಾಲಿನವು. ಮನುಷ್ಯರ ಬಗ್ಗೆ ಇನ್ನೆರಡು ಸಾಲು ಬರೆಯಿರಿ ಅಂತ ಡಾಕ್ಟರುಗಳಿಗೆ ಕೈಮುಗಿದು ಕೇಳುತ್ತೇನೆ.

ಸಣ್ಣಮಗ · 1:05

ಡಿಲಿರಿಯಂ ಅಂದಾಗ ನೆನಪಾಯಿತು. ನಮ್ಮ ದೊಡ್ಡಮ್ಮ ಆಸ್ಪತ್ರೆಯಲ್ಲಿ ಮೂರನೇ ರಾತ್ರಿ ಯಾರನ್ನೂ ಗುರುತಿಸಲಿಲ್ಲ. ಎಲ್ಲರೂ ಮರೆವಿನ ಕಾಯಿಲೆ ಅಂದರು. ಕೊನೆಗೆ ನೋಡಿದರೆ ಕಿವಿಯ ಮಷೀನ್ ಡ್ರಾಯರಿನಲ್ಲಿತ್ತು, ಕನ್ನಡಕ ಮನೆಯಲ್ಲಿತ್ತು! ಎರಡೂ ಕೊಟ್ಟ ಮೇಲೆ ಎರಡು ದಿನದಲ್ಲಿ ನನ್ನ ಹೆಸರು ಹಿಡಿದು ಕರೆದರು.

ಹೆಜ್ಜೆ · 1:12

ಇದು ಎಲ್ಲರೂ ಓದಬೇಕಾದ ಮಾತು. ಕಿವಿಯ ಮಷೀನ್, ಕನ್ನಡಕ, ಹಲ್ಲಿನ ಸೆಟ್ಟು. ಗೋಡೆ ಗಡಿಯಾರ ಕಾಣುವ ಹಾಗೆ ಇರಲಿ. ಹಗಲು ಕಿಟಕಿಯ ಬೆಳಕು ಬೀಳಲಿ. ರಾತ್ರಿ ದೀಪ ಆರಲಿ.

ಕಿಟಕಿಪಕ್ಕದವಳು, ಡಾಕ್ಟರ್ ಒಪ್ಪಿದರೆ ನಿಮ್ಮ ಅಪ್ಪನನ್ನು ಇವತ್ತೇ ಮಂಚದ ಅಂಚಿಗೆ ಕೂರಿಸಲು ಕೇಳಿ. ವಯಸ್ಸಾದವರ ತೊಡೆಯ ಸ್ನಾಯು ಹಾಸಿಗೆಯಲ್ಲಿ ಬಹಳ ಬೇಗ ಕರಗುತ್ತದೆ. ಬಟ್ಟೆ ಸಡಿಲವಾದಂತೆ ಮೊಣಕಾಲಿನ ಮೇಲೆ ಚರ್ಮ ಸಡಿಲವಾಗಿರುವುದು ಕೈಗೆ ಸಿಗುತ್ತದೆ. ಊಟಕ್ಕೆ ಕುರ್ಚಿ ಮೇಲೆ ಕೂತರೂ ದಿನಕ್ಕೆ ಮೂರು ಸಲ ಎದ್ದ ಹಾಗಾಯಿತು. ನೀವಾಗಿ ಎಬ್ಬಿಸಬೇಡಿ, ಬಿದ್ದರೆ ಕಷ್ಟ. ಆದರೆ ಕೇಳಿ. ದಿನಾ ಕೇಳಿ.

ನೈಟ್‌ಡ್ಯೂಟಿ · 1:20

ನಮ್ಮ ಕೈಗೆ ಜನ ಕಡಿಮೆ ಇರುತ್ತದೆ, ಕೆಲವೊಮ್ಮೆ ಆಗುವುದಿಲ್ಲ ಅನ್ನುತ್ತೇವೆ. ಆದರೂ ಕೇಳಿ. ಕೇಳಿದವರ ಮಂಚಕ್ಕೆ ಮೊದಲು ಹೋಗುತ್ತೇವೆ, ಅದು ನಿಜ.

ಸುಮ್ನೆ_ಓದುಗ · 1:34

ಒಂದು ಸಂಶಯ. ಮಂಚದ ಬಳಿ ಬಿಪಿ, ಆಮ್ಲಜನಕ ನೋಡಿ ಇನ್ನೊಂದು ಅಂಕ ಬರೆಯುತ್ತಾರಲ್ಲ, ಅದೇನು?

ನೈಟ್‌ಡ್ಯೂಟಿ · 1:41

ಅದು ನ್ಯೂಸ್ ಅಂತ, ಮುನ್ನೆಚ್ಚರಿಕೆ ಅಂಕ. ಉಸಿರು, ಆಮ್ಲಜನಕ, ಬಿಪಿ, ನಾಡಿ, ಎಚ್ಚರ, ಜ್ವರ ನೋಡಿ ದಿನಕ್ಕೆ ಎಷ್ಟೋ ಸಲ ಹಾಕುತ್ತೇವೆ. ಅದು ಇವತ್ತಿನ ಬಿರುಗಾಳಿ ಎಷ್ಟು ಜೋರು ಅಂತ ಹೇಳುತ್ತದೆ. ಸಿಎಫ್‌ಎಸ್ ಮರದ ಬೇರು ಎಷ್ಟು ಗಟ್ಟಿ ಅಂತ ಹೇಳುತ್ತದೆ. ಒಂದನ್ನೇ ನೋಡಿದರೆ ಮೋಸ ಹೋಗುತ್ತೇವೆ.

ಕಿಟಕಿಪಕ್ಕದವಳು · ಸಂಜೆ 5:50

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಹನ್ನೊಂದಕ್ಕೆ ದೊಡ್ಡ ಡಾಕ್ಟರ್ ಬಂದರು. ನಿಮ್ಮ ಮಾತು ಓದಿ ಒಂದು ಹಾಳೆಯಲ್ಲಿ ಬರೆದುಕೊಂಡಿದ್ದೆ. ಎರಡು ವಾರದ ಹಿಂದೆ ಅಪ್ಪ ಏನೇನು ಮಾಡುತ್ತಿದ್ದರು, ಯಾವುದಕ್ಕೆ ನನ್ನ ಸಹಾಯ ಬೇಕಿತ್ತು ಅಂತ. ಅವರು ಪೂರ್ತಿ ಓದಿದರು. ಮೆಟ್ಟಿಲು ಹತ್ತುತ್ತಿದ್ದರಾ, ಬಿದ್ದಿದ್ದರಾ, ಯಾವತ್ತಾದರೂ ದಾರಿ ತಪ್ಪಿದ್ದರಾ ಅಂತ ಕೇಳಿದರು. ಆಮೇಲೆ ಜೇಬಿನಿಂದ ಪೆನ್ ತೆಗೆದು 7ರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ 5 ಅಂತ ಬರೆದು, ತಾರೀಖು ಹಾಕಿ ಸಹಿ ಮಾಡಿದರು. "ಸೇರಿಸಿದ ದಿನ ನೋಡಿದ್ದನ್ನೇ ಬರೆದಿದ್ದಾರೆ, ತಪ್ಪಾಗಿದೆ" ಅಂತ ನೇರವಾಗಿ ಒಪ್ಪಿಕೊಂಡರು.

5 ಅಂದರೂ ಅಪಾಯ ಇಲ್ಲ ಅಂತಲ್ಲ ಅಂತಲೂ ಹೇಳಿದರು. ಆಮ್ಲಜನಕ ಇನ್ನೂ ಬೇಕಾಗಿದೆ. ಎರಡು ದಿನ ನೋಡಬೇಕಂತೆ. ಐಸಿಯು ಬೇಕಾಗುವ ಹೊತ್ತು ಬಂದರೆ ಏನು ಮಾಡಬೇಕು ಅಂತ ಅಪ್ಪನನ್ನೇ ಕೇಳಿದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ಸಲ ಪ್ರಯತ್ನ ಮಾಡಿ. ಆಗಲಿಲ್ಲ ಅಂದರೆ ಎಳೆಯಬೇಡಿ" ಅಂದರು. ನಾನು ಅಲ್ಲೇ ಇದ್ದೆ. ಅಷ್ಟು ಸ್ಪಷ್ಟವಾಗಿ ಅವರು ಮಾತಾಡಿ ಐದು ದಿನ ಆಗಿತ್ತು.

ಮಧ್ಯಾಹ್ನ ಫಿಸಿಯೋ ಬಂದು ಕುರ್ಚಿಗೆ ಕೂರಿಸಿದರು. ಹನ್ನೆರಡು ನಿಮಿಷ ಕೂತರು. ಕಿಟಕಿ ಕಡೆ ಮುಖ ಮಾಡಿ.

ತಡವಾದ_ಮಗಳು · 5:58

ಓದಿ ಅಳು ಬಂತು. ಅಪ್ಪನ ಹತ್ತಿರವೇ ಇರಿ.

ಹೆಜ್ಜೆ · 6:03

ಹನ್ನೆರಡು ನಿಮಿಷ ಒಳ್ಳೆಯ ಶುರು. ನಾಳೆ ಎರಡು ಸಲ ಕೇಳಿ.

ಅಂಕಿಸಂಖ್ಯೆ · 6:10

ನಾವು ಲೆಕ್ಕ ಹಾಕುವ ದಾಖಲೆಗಳಲ್ಲಿ ಹೀಗೆ ಗೆರೆ ಎಳೆಯದೇ ಉಳಿದ 7ಗಳು ಎಷ್ಟಿರಬಹುದು ಅಂತ ಯೋಚಿಸುತ್ತಿದ್ದೇನೆ.

ಸುಮ್ನೆ_ಓದುಗ · 6:30

ಬೆಳಿಗ್ಗೆ ನಾನು ಅಂಕ ತೆಗೆದುಹಾಕಿ ಅಂದಿದ್ದೆ. ಆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಈಗ ನನ್ನದೇ ಒಂದು ಪ್ರಶ್ನೆ. ನಮ್ಮ ಅತ್ತೆಗೆ ನಾಡಿದ್ದು ಸೊಂಟದ ಆಪರೇಷನ್, 81 ವಯಸ್ಸು. ಸೇರಿಸುವಾಗ ಹಾಳೆಯಲ್ಲಿ ಏನೇನು ಬರೆದುಕೊಂಡು ಹೋಗಲಿ?

ನೈಟ್‌ಡ್ಯೂಟಿ · 6:48

ಡ್ಯೂಟಿಗೆ ಹೊರಟಿದ್ದೇನೆ, ಬೇಗ ಹೇಳುತ್ತೇನೆ. ಎರಡು ವಾರದ ಹಿಂದೆ ಸ್ನಾನ, ಬಟ್ಟೆ, ಶೌಚ, ಊಟ ತಾವೇ ಮಾಡುತ್ತಿದ್ದರಾ. ಕೋಲು ಬೇಕಾ, ಮೆಟ್ಟಿಲು ಹತ್ತುತ್ತಾರಾ. ಮಾತ್ರೆ, ಹಣ ಯಾರು ನೋಡುತ್ತಾರೆ. ವರ್ಷದಲ್ಲಿ ಎಷ್ಟು ಸಲ ಬಿದ್ದಿದ್ದಾರೆ, ತೂಕ ಇಳಿದಿದೆಯಾ. ನೆನಪು ಹೇಗಿದೆ. ನಿಜವನ್ನೇ ಬರೆಯಿರಿ. ಅತ್ತೆ ಸಂಕೋಚಕ್ಕೆ "ಎಲ್ಲ ನಾನೇ ಮಾಡಿಕೊಳ್ಳುತ್ತೇನೆ" ಅನ್ನಬಹುದು, ಹಾಗಾಗಿ ಜೊತೆಗಿರುವವರನ್ನೂ ಕೇಳಿ. ಹಾಳೆಯ ಕೆಳಗೆ ನಿಮ್ಮ ಫೋನ್ ನಂಬರ್ ಹಾಕಿ. ಕನ್ನಡಕದ ಡಬ್ಬಿ ಮರೆಯಬೇಡಿ.